ನಮ್ಮ ದಡಕ್ಕೆ ಎಳೆದ ದೋಣಿ

"ಕಳ್ಳ ರಂಡೇರs, ನನ್ನ ಕೆರ್‍ಯಾಗ ಬಲಿ ಬಿಡ್ತೀರಿ?"

ದಡದ ಹತ್ತಿರ ಬಲೆ ಬಿಡುತ್ತಿದ್ದ ನಮ್ಮ ಹೆಂಗಸರ ಮೇಲೆ ಗುತ್ತಿಗೆದಾರ ಮಕರಂದ ಶೇಠ ಮೋಟಾರು ದೋಣಿಯಲ್ಲಿ ನಿಂತು ಕೂಗುತ್ತಿದ್ದ. ಠಾಣಾ ಕುಶನೂರ ಕಡೆಯ ಈ ಕೆರೆ ಹೋದ ವರ್ಷದವರೆಗೆ ಮೀನು ಹಿಡಿಯುವ ನಮ್ಮ ಭೋಯಿ ಜನರದು. ಒಂದು ಕಾಗದ ಬಂತು, ಅವನದಾಯಿತು. ಅಂದಿನಿಂದ ನಾವು ಕಳ್ಳರು. ಹೊಸ ಹೆಸರೇನಲ್ಲ. ನನ್ನ ಅತ್ತೆ ಪುತಳಾಬಾಯಿಯ ಅಜ್ಜ ಮಡೆಪ್ಪ ನಿಜಾಮರ ಕಾಲದಲ್ಲಿ ಇದೇ ನೀರಿನಲ್ಲಿ ಜಾಗೀರದಾರನ ಜೋಳದ ದೋಣಿ ಅಡ್ಡಗಟ್ಟಿ, ಹಸಿದ ಊರಿಗೆ ಹಂಚಿ, ಜೇಲಿನಲ್ಲೇ ಸತ್ತ.

"ಶೇಠಜಿ, ಬಲಿ ಮ್ಯಾಲ ಬರಬ್ಯಾಡ್ರಿ. ಕಾಲ ಬೀಳ್ತೇನ್ರಿ," ಟ್ರ್ಯಾಕ್ಟರಿನ ಟ್ಯೂಬಿನ ಮೇಲೆ ತೇಲುತ್ತಿದ್ದ ಅತ್ತೆ ಬೇಡಿಕೊಂಡಳು. ಆ ಬಲೆ ಅವಳು ಎರಡು ವರ್ಷ ಕೂತು ಹೆಣೆದದ್ದು. ಮನೆಯ ಐದು ಹೊಟ್ಟೆಗೆ ಅದು ಬಿಟ್ಟರೆ ಗತಿಯಿಲ್ಲ.

"ಮೀನಿನ ನಾತದ ಮುದುಕಿ, ನನಗ ಹೇಳಾಕಿ ನೀ ಯಾವಾಕಿ?"

ಬೇಕೆಂದೇ ದೋಣಿಯನ್ನು ಬಲೆಯ ಮೇಲೆ ನುಗ್ಗಿಸಿದ. ಬಲೆ ನೀರೊಳಗಿನ ಫ್ಯಾನಿಗೆ ಸುತ್ತಿಕೊಂಡು ಮೋಟಾರು ಕೆಮ್ಮಿ ನಿಂತಿತು. ಈಜು ಬಾರದ ಶೇಠ ದೋಣಿಯ ಅಂಚು ಅವಚಿ ಹಿಡಿದ. ನನಗೆ ನಗು ಬಂತು, ಯಾಕೆ ಮುಚ್ಚಿಡಲಿ?

"ಏ ಬಾಯಿ... ಕುಡಗೋಲ ತಂದು ಬಲಿ ಕೊಯ್ದ ಒಗಿ."

ನಮ್ಮಲ್ಲಿ ಬಲೆಗೆ ಕಬ್ಬಿಣ ತಾಗಿಸುವುದಿಲ್ಲ. ಸಿಕ್ಕಾದರೆ ದಡಕ್ಕೆ ತಂದು, ಸಿಕ್ಕು ಮಾಡಿದವನೇ ಕೂತು ಕೈಯಿಂದ ಬಿಡಿಸಬೇಕು. ಕುಡಿದು ಬರುವ ನಮ್ಮ ಗಂಡಸರಿಗೂ ಅದೇ ಕಾಯಿದೆ.

ಅತ್ತೆ ಈಜಿ ಹೋಗಿ ದೋಣಿಯ ಹಗ್ಗ ಹಿಡಿದು ನಮ್ಮ ಕಡೆ ತಂದಳು. "ಸಪ್ನಾ, ಜಗ್ಗ!" ಎಂದಳು. ನಾವು ಹನ್ನೊಂದು ಹೆಂಗಸರು ಸೇರಿ ದಡದ ಕಡೆ ಜಗ್ಗಿದೆವು.

"ಎತ್ತಾಗ ಒಯ್ತೀರೇ? ದರೋಡಿ ಕೇಸ್ ಹಾಕ್ತೇನಿ!"

"ಹಾಕ್ರಿ," ಎಂದಳು ಅತ್ತೆ. "ವರ್ಷಾತು ಕಳ್ಳರ ಅನ್ಕೋತ ಬಂದೀರಿ. ಕೆಲಸಾ ಇವತ್ತ ಸುರು ಮಾಡೇವ್ರಿ."

ದಡದ ಕೆಸರಿನಲ್ಲಿ ಅವನನ್ನು ಕೂರಿಸಿ, ಸಿಕ್ಕಾದ ಬಲೆಯನ್ನು ಫ್ಯಾನಿನಿಂದ ಕಳಚಿ ಮುಂದೆ ಹರವಿದೆವು. ಅವನು ಪೊಲೀಸರಿಗೆ ಫೋನು ಮಾಡಿದ. ಮಾಡಲಿ ಎಂದು ಬಿಟ್ಟೆವು. ಸುತ್ತ ಹನ್ನೊಂದು ಜನ ನಿಂತಿದ್ದನ್ನು ನೋಡಿ ಬಲೆಗೆ ಕೈ ಹಾಕಿದ. ಉಂಗುರದ ಬೆರಳಿಗೆ ಗಂಟು ಬೇಗ ಸಿಗುತ್ತಿರಲಿಲ್ಲ, ಸಿಕ್ಕದ್ದು ಸುಲಭಕ್ಕೆ ಬಿಚ್ಚುತ್ತಿರಲಿಲ್ಲ. ಅರ್ಧ ಬಿಡಿಸುವಷ್ಟರಲ್ಲಿ ರಸ್ತೆಯ ಮೇಲೆ ಪೊಲೀಸ್ ಜೀಪಿನ ಧೂಳು ಎದ್ದಿತು. ಒಬ್ಬಳೂ ಜಾಗ ಬಿಟ್ಟು ಕದಲಲಿಲ್ಲ.

ಶೇಠ ತಲೆಯೆತ್ತಿ ಧೂಳಿನತ್ತ ನೋಡಿದ.

"ಆಕಡಿ ಏನ ನೋಡ್ತೀರಿ?" ಅತ್ತೆ ಬಲೆಯನ್ನು ಅವನ ತೊಡೆಯ ಮೇಲೆ ಸರಿಸಿದಳು. "ಇನ್ನಾ ಅರ್ಧಾ ಉಳದದ. ಕೈ ನಡಸ್ರಿ."