ಜಿನ್ನಮ್ಮನ ಮನೆಯ ತೇಯುವ ಕಲ್ಲು

ನಾನು ಅಂಗೈಯಗಲದ ಒಂದು ತೇಯುವ ಕಲ್ಲು. ಮೈ ಬೂದು ಬಣ್ಣ. ಅಡಿಯಲ್ಲಿ ಮೂರು ಗಿಡ್ಡ ಕಾಲುಗಳಿವೆ. ಅದರಲ್ಲೊಂದು ಕೊಂಚ ಮೋಟು, ಹಾಗಾಗಿ ನೆಲದ ಮೇಲಿಟ್ಟರೆ ಸ್ವಲ್ಪ ಓಲಾಡುತ್ತೇನೆ. ಇದು ನನ್ನನ್ನು ಕಡೆದ ಮುದ್ದಾಚಾರಿಯ ಅವಸರದ ಫಲ. ಹಾಸನದ ಸೀಮೆಯ ಒಂದು ಸಣ್ಣ ಪೇಟೆಯಲ್ಲಿ ಬಸದಿಗೆ ಹೊಸ ಮೆಟ್ಟಿಲು ಹಾಕುತ್ತಿದ್ದರು. ಮೆಟ್ಟಿಲಾಗಿ ಮಿಕ್ಕ ಚಪ್ಪಡಿಯ ತುಂಡಿನಲ್ಲಿ ಅವನು ಎರಡು ಕಲ್ಲು ಮಾಡಿದ. ಮೊದಲನೆಯದನ್ನು ಭಕ್ತಿಯಿಂದ ಮಾಡಿದ. ಅದು ಬಸದಿಯೊಳಗೆ ಹೋಗಿ ಸ್ವಾಮಿಯ ಪೂಜೆಗೆ ಗಂಧ ತೇಯುವ ಕಲ್ಲಾಯಿತು. ನನ್ನನ್ನು ಮಾಡುವ ಹೊತ್ತಿಗೆ ಅವನಿಗೆ ಹಸಿವಾಗಿತ್ತು.

ಬಸದಿಗೆ ಬಂದಿದ್ದ ಜಿನ್ನಮ್ಮ ನನ್ನನ್ನು ಕಂಡಳು. ಆಗ ಅವಳು ಮದುವೆಯಾಗಿ ಬಂದ ಹೊಸಬಳು.

"ಇದನ್ನ ಯಾರಿಗಿಟ್ಟಿದೀಯ ಆಚಾರಿ?"

"ಯಾರಿಗೂ ಇಲ್ಲ ತಾಯಿ. ದೇವರಿಗೆ ಒಂದೇ ಸಾಕಂತೆ."

"ಹಂಗಾದ್ರೆ ಇದು ಮಕ್ಕಳಿಗಿರ್ಲಿ ಬಿಡು" ಎಂದು ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ತಂದಳು.

ಮಕ್ಕಳಿಗೇ ಆದೆ. ಅವಳ ಮಗ ಧರಣೇಂದ್ರ ಹುಟ್ಟಿದಾಗ ಮೊದಲ ಬಾರಿ ನನ್ನ ಮೈ ಒದ್ದೆಯಾಯಿತು. ಎಣ್ಣೆ ನೀರು ಹಾಕಿದ ದಿನ ಅವಳು ನನ್ನ ಮುಂದೆ ಕುಳಿತು ಬಜೆಯನ್ನು ಒಂದು ಸುತ್ತು ತೇಯುವಳು. ಮೇಲೆ ಜಾಯಿಕಾಯಿ, ಅಳಲೆಕಾಯಿ. ಒಣಶುಂಠಿಯನ್ನು ಸುಮ್ಮನೆ ತಗುಲಿಸುವಳು. ಎಲ್ಲವನ್ನೂ ಬೆರಳಲ್ಲಿ ಬಳಿದು ಎದೆಹಾಲಿನಲ್ಲಿ ಕದಡಿ ಕೂಸಿನ ನಾಲಿಗೆಗೆ ಹಚ್ಚುವಳು. ಇದಕ್ಕೆ ಸುತ್ತುಖಾರ ಎನ್ನುತ್ತಾರೆ. ಕೂಸು ಮುಖ ಹಿಂಡಿ ಒಂದು ಸಲ ಚೀರಿ, ಆಮೇಲೆ ಹಾಯಾಗಿ ನಿದ್ರೆ ಹೋಗುತ್ತಿತ್ತು. ಬರಬರುತ್ತ ಬೀದಿಯ ಕೂಸುಗಳೆಲ್ಲ ಜಿನ್ನಮ್ಮನ ಮಡಿಲಿಗೆ ಬಂದವು. ಇಷ್ಟೊಂದು ಬೇರು ಕಾಯಿ ಸೇರಿದರೆ ಎಳೆ ಹೊಟ್ಟೆಗೆ ತೊಂದರೆಯಾದೀತು ಎಂದು ಯಾರಾದರೂ ಬಾಣಂತಿ ಅಂಜಿದರೆ ಅವಳು ನಗುತ್ತಿದ್ದಳು.

"ಕಲ್ಲಿನ ಮೇಲೆ ತೇಯ್ದ ಮೇಲೆ ಎಲ್ಲಾ ಒಂದೇ ಕಣೇ. ವಾರಗಿತ್ತೇರ ಥರ ಜಗಳ ಆಡಲ್ಲ."

ಆ ಮಾತಿನಿಂದ ನನಗೆ ಹೆಮ್ಮೆಯಾಗಿತ್ತು.

ಜಿನ್ನಮ್ಮನಿಗೆ ಒಂದು ವ್ರತವಿತ್ತು. ಹುಡುಗಿಯಾಗಿದ್ದಾಗಲೇ ಮುನಿಗಳ ಮುಂದೆ ಕೈಮುಗಿದು ಹಿಡಿದದ್ದು. ಹೊತ್ತು ಮುಳುಗಿದ ಮೇಲೆ ಅನ್ನವಿಲ್ಲ, ಹಣ್ಣಿಲ್ಲ, ತೊಟ್ಟು ನೀರೂ ಇಲ್ಲ. ಕತ್ತಲಲ್ಲಿ ಕಾಣದ ಜೀವಗಳು ಬಾಯಿಗೆ ಬಿದ್ದು ಸಾಯುತ್ತವೆಂಬ ದಯೆಯಿಂದ ಅವರ ಮತದಲ್ಲಿ ಹಾಗೆ ನಡೆದುಕೊಳ್ಳುತ್ತಾರೆ. ಆ ಮನೆಯ ಊಟ ಬಿಸಿಲಿರುವಾಗಲೇ ಮುಗಿದು, ದೀಪ ಹಚ್ಚುವ ಹೊತ್ತಿಗೆ ಒಲೆ ಆರಿರುತ್ತಿತ್ತು. ಬೇಸಗೆಯಲ್ಲಿ ಜ್ವರ ಬಂದು ಗಂಟಲು ಒಣಗಿದ್ದಾಗಲೂ ಜಿನ್ನಮ್ಮ ಕಿಟಕಿಯತ್ತ ಮುಖ ಮಾಡಿ ಬೆಳಗಿಗಾಗಿ ಕಾದದ್ದನ್ನು ನಾನು ಕಂಡಿದ್ದೇನೆ.

ಧರಣೇಂದ್ರಯ್ಯ ದೊಡ್ಡವನಾಗಿ ತಾಮ್ರ ಹಿತ್ತಾಳೆ ಪಾತ್ರೆಗಳ ಅಂಗಡಿ ಇಟ್ಟ. ಮರುದೇವಿ ಸೊಸೆಯಾಗಿ ಬಂದಳು. ಬಹುಕಾಲ ಕಾದು ಅವರಿಗೆ ಒಂದು ಹೆಣ್ಣು ಕೂಸಾಯಿತು. ಸುಲೋಚನೆ ಎಂದು ಹೆಸರಿಟ್ಟರು. ನನ್ನ ಮೈಮೇಲಿನ ಸುತ್ತುಖಾರಕ್ಕೆ ಅಳದೆ ಚಪ್ಪರಿಸಿದ ಕೂಸು ಅದೊಂದೇ. ನಡೆಯಲು ಬಂದ ಮೇಲೆ ಅದು ಅಜ್ಜಿಯ ಬಾಲವಾಯಿತು. ಅಜ್ಜಿ ಜಪಕ್ಕೆ ಕೂತರೆ ತಾನೂ ಕೂರುವುದು. ಸಂಜೆ ತಾಯಿ ಹಾಲು ಹಿಡಿದು ಬಂದರೆ, "ನಂಗೂ ವ್ರತ!" ಎಂದು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಳ್ಳುವುದು. ಮನೆಯವರೆಲ್ಲ ನಗುತ್ತಿದ್ದರು.

ಆ ಹುಡುಗಿಗೆ ಹೈಸ್ಕೂಲು ಮುಗಿಯುವ ಕಾಲಕ್ಕೆ ಕಾಯಿಲೆ ಬಂತು. ಅದು ಜ್ವರವಲ್ಲ, ಕೆಮ್ಮಲ್ಲ. ಗೋಡೆಯೊಳಗೆ ಯಾರೋ ಮಾತಾಡುತ್ತಾರೆ ಎನ್ನತೊಡಗಿದಳು. ಬಾಗಿಲ ಹಿಂದೆ ನಿಂತು ಕಿವಿಗೊಡುತ್ತಿದ್ದಳು. ನೀನು ಕತ್ತಲಲ್ಲಿ ನೀರು ಕುಡಿದಿದ್ದೀಯೆ, ನಿನ್ನ ಬಾಯಲ್ಲಿ ಜೀವಗಳು ಸತ್ತಿವೆ ಎಂದು ಆ ದನಿಗಳು ಹೇಳುತ್ತವಂತೆ. ಬಚ್ಚಲಲ್ಲಿ ಮತ್ತೆ ಮತ್ತೆ ಬಾಯಿ ಮುಕ್ಕಳಿಸಿ ತುಟಿಯ ಕೊನೆಗಳು ಒಡೆದು ಹೋದವು. ಯಾರ ವ್ರತವೂ ಅವಳದರಷ್ಟು ಶುದ್ಧವಾಗಿರಲಿಲ್ಲ. ಆದರೆ ಅದನ್ನು ಅವಳಿಗೆ ಹೇಳಿ ಒಪ್ಪಿಸುವವರು ಯಾರು?

ಹಾಸನದಲ್ಲಿ ಮನಸ್ಸಿನ ಕಾಯಿಲೆ ನೋಡುವ ಡಾಕ್ಟರ್ ಗ್ಲಾಡಿಸ್ ಎಂಬ ವಯಸ್ಸಾದ ಹೆಂಗಸು ಒಂದು ಬಿಳಿ ಮಾತ್ರೆ ಕೊಟ್ಟರು. ಸುಲೋಚನೆ ಅದನ್ನು ದವಡೆಯಲ್ಲಿಟ್ಟುಕೊಂಡು ಹಿತ್ತಿಲ ಬಾಳೆಯ ಬುಡದಲ್ಲಿ ಉಗುಳಿಬರುತ್ತಿದ್ದಳು. ಅದು ತಿಳಿದ ದಿನ ಮರುದೇವಿ ನನ್ನನ್ನು ಅಟ್ಟಣಿಗೆಯಿಂದ ಇಳಿಸಿದಳು. ಮಾತ್ರೆಯನ್ನು ತೇಯ್ದು ಅಕ್ಕಿ ಪಾಯಸದಲ್ಲಿ ಕಲೆಸಿದಳು. ಬೆಳಿಗ್ಗೆ ಹುಡುಗಿ ಏನನ್ನೂ ಮುಟ್ಟುತ್ತಿರಲಿಲ್ಲವಾದ್ದರಿಂದ ಬಿಸಿಲು ಇಳಿಯುವ ಹೊತ್ತಿನ ಊಟದಲ್ಲೇ ಕೊಡುವುದಾಯಿತು. ಎಷ್ಟೋ ಬೇರುಗಳ ರುಚಿ ಕಂಡವನು ನಾನು. ಈ ಮಾತ್ರೆಗೆ ವಾಸನೆಯೇ ಇರಲಿಲ್ಲ, ಬರೀ ಕಹಿ.

ದನಿಗಳು ತಗ್ಗಿದವು, ಹೋಗಲಿಲ್ಲ. ಮುಂದಿನ ಸಲ ಡಾಕ್ಟರು ಎರಡನೆಯ ಮಾತ್ರೆ ಬರೆದರು. ಉದ್ದನೆಯ ಹಳದಿ ಮಾತ್ರೆ. ಬಿಳಿಯದು ಬೆಳಿಗ್ಗೆ, ಹಳದಿಯದು ಮಲಗುವಾಗ ಎಂದರು. ಹೊರಗೆ ಜನ ಕಿಕ್ಕಿರಿದಿದ್ದರಂತೆ. ಮರುದೇವಿ ತಲೆಯಾಡಿಸಿ ಎದ್ದು ಬಂದಳು. ಮಾತ್ರೆಯನ್ನು ತೇಯ್ದು ಕೊಡುವ ಸಂಗತಿಯನ್ನು ಹೇಳಲು ಅವಳಿಗೆ ನಾಚಿಕೆ. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಏನೂ ಸೇವಿಸುವುದಿಲ್ಲ ಎನ್ನಲೂ ನಾಚಿಕೆ.

ಭಯ ಮಾತ್ರ ಬೆಳೆಯಿತು. ಒಂದೇ ತಲೆಗೆ ಎರಡು ಔಷಧಿ ಯಾಕೆ? ಎರಡೂ ಒಳಗೆ ಸೇರಿ ಏನು ಮಾಡುತ್ತವೆ? ಔಷಧಿ ಅಂಗಡಿಯವನನ್ನು ಕೇಳಿದಳು. "ಡಾಕ್ಟ್ರೇ ಬರೆದವ್ರಲ್ಲಮ್ಮ" ಎಂದು ಅವನು ಮುಂದಿನ ಗಿರಾಕಿಯ ಕಡೆ ತಿರುಗಿದ. ಪಕ್ಕದ ಮನೆಯ ಸರ್ವಮಂಗಳೆಯನ್ನು ಕೇಳಿದಳು. "ಒಂದನ್ನ ನಿಲ್ಸಿಬಿಡೇ. ನಮ್ಮ ಭಾವನೋರು ಬೀಪಿಗೆ ಎರಡು ತಗೊಂಡು ಬಚ್ಚಲಲ್ಲಿ ಬಿದ್ದಿದ್ರು" ಎಂದಳು ಅವಳು. ಕೇಳಬೇಕಾದವರೊಬ್ಬರನ್ನು ಬಿಟ್ಟು ಎಲ್ಲರನ್ನೂ ಕೇಳಿ, ಕೊನೆಗೆ ಅತ್ತೆಯ ಮುಂದೆ ಕುಳಿತು ಕಣ್ಣೀರು ಹಾಕಿದಳು.

"ಎರಡೂ ಜಗಳ ಆಡಿದ್ರೆ ಏನು ಮಾಡ್ಲಿ ಅತ್ತೆ?"

ಜಿನ್ನಮ್ಮ ನನ್ನನ್ನು ಅವಳತ್ತ ಸರಿಸಿದಳು. "ತೇಯ್ದು ಒಂದು ಮಾಡು. ಕೂಸಾಗಿದ್ದಾಗ ಇದರ ಮೇಲೆ ಏನೇನು ಸೇರಿಸಿ ಹಾಕಿಲ್ಲ ಅವಳಿಗೆ! ಹೊತ್ತು ಮುಳುಗೋಕೆ ಮುಂಚೆ ಕೊಟ್ಟುಬಿಡು, ವ್ರತಕ್ಕೂ ಭಂಗ ಇಲ್ಲ."

ಪ್ರೀತಿಯಿಂದ ಹೇಳಿದ ಮಾತು. ಪ್ರೀತಿಯಿಂದಲೇ ಮರುದೇವಿ ತೇಯ್ದಳು. ಹಳದಿ ಮಾತ್ರೆಯ ಹೊರಗಿನ ಪೊರೆ ಬಿಗಿಯಾಗಿತ್ತು, ಸುಲಭಕ್ಕೆ ಒಡೆಯಲಿಲ್ಲ. ಅವಳು ಒತ್ತಿ ಒತ್ತಿ ತೇಯ್ದು, ಬಿಳಿಯ ಪುಡಿಯ ಜೊತೆ ಬೆರೆಸಿ, ಒಂದು ಚೂರೂ ಬಿಡದೆ ಬಳಿದು ಪಾಯಸಕ್ಕೆ ಹಾಕಿದಳು.

ದೀಪ ಹಚ್ಚಿ ಆರತಿ ಎತ್ತುವಾಗ ಸುಲೋಚನೆ ಜಿನಬಿಂಬದ ಮುಂದಿನಿಂದ ಏಳಲು ಹೋಗಿ ಹೊಸಿಲ ಮೇಲೆ ಕುಸಿದಳು. ಬೆಳಗಾಗುವಷ್ಟರಲ್ಲಿ ಅವಳ ಕುತ್ತಿಗೆ ಒಂದು ಕಡೆಗೆ ತಿರುಚಿಕೊಂಡಿತ್ತು. ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿಕೊಂಡು ಕೆಳಗಿಳಿಯುತ್ತಿರಲಿಲ್ಲ. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಧರಣೇಂದ್ರಯ್ಯ ಕಾರು ತರಲು ಓಡಿದ. ಮರುದೇವಿ ಮಾತ್ರೆಗಳ ಜೊತೆ ನನ್ನನ್ನೂ ಚೀಲಕ್ಕೆ ಹಾಕಿಕೊಂಡಳು. ಕೈಗೆ ಸಿಕ್ಕಿದ್ದನ್ನೆಲ್ಲ ತುಂಬುತ್ತಿದ್ದಳೋ, ಬೇಕೆಂದೇ ಹಾಕಿಕೊಂಡಳೋ ನನಗೆ ತಿಳಿಯದು.

ಹಾಸನದಲ್ಲಿ ಒಂದು ಇಂಜೆಕ್ಷನ್ ಕೊಟ್ಟ ಮೇಲೆ ಹುಡುಗಿಯ ಕುತ್ತಿಗೆ ಸಡಿಲವಾಯಿತು, ಕಣ್ಣು ನೆಟ್ಟಗಾಯಿತು. ಮರುದೇವಿ ನನ್ನನ್ನು ತೆಗೆದು ಡಾಕ್ಟರ ಮೇಜಿನ ಮೇಲಿಟ್ಟಳು. ನಾನು ಅಲ್ಲೂ ಓಲಾಡಿದೆ.

"ಇದ್ರಲ್ಲಿ ತೇಯ್ದೆ ಡಾಕ್ಟ್ರಮ್ಮ. ಎರಡನ್ನೂ ಒಟ್ಟಿಗೆ. ನನ್ನ ಕೈಯಾರ."

ಡಾಕ್ಟರು ಬೈಯುವರೆಂದು ನಾನು ಕಾದೆ. ಅವರು ನನ್ನ ನಡುವಿನ ತಗ್ಗನ್ನು ಬೆರಳಲ್ಲಿ ಸವರಿದರು. "ನಮ್ಮಮ್ಮನ ಹತ್ರಾನೂ ಇತ್ತು ಇಂಥದ್ದು. ಜಾಯಿಕಾಯಿ ತೇಯ್ದು ನೆಕ್ಕಿಸೋರು, ನಾನು ಕಚ್ಚಿಬಿಡ್ತಿದ್ದೆ." ಆಮೇಲೆ ನಿಧಾನವಾಗಿ ವಿವರಿಸಿದರು. ಹಳದಿಯದು ಹೊಟ್ಟೆಯಲ್ಲಿ ದಿನವಿಡೀ ಮೆಲ್ಲಗೆ ಕರಗಬೇಕಾದ ಮಾತ್ರೆ. ತೇಯ್ದರೆ ಇಡೀ ದಿನದ ಔಷಧಿ ಒಂದೇ ಏಟಿಗೆ ಮೈಗೆ ಇಳಿಯುತ್ತದೆ. ಅದರ ಮೇಲೆ ಬಿಳಿಯದೂ ಸೇರಿತು.

"ಹಂಗಾದ್ರೆ ಎರಡು ಯಾಕಮ್ಮ? ಒಂದೇ ಸಾಲ್ದಾ?" ಮರುದೇವಿ ಕಡೆಗೂ ಕೇಳಿದಳು.

"ಈ ಪ್ರಶ್ನೇನ ಆವತ್ತೇ ಕೇಳ್ಬೇಕಿತ್ತು ನೀವು. ನಾನೂ ನೀವು ಕೇಳೋವರೆಗೂ ಕೂರಿಸ್ಕೋಬೇಕಿತ್ತು. ಎರಡೂ ಯಾವಾಗ್ಲೂ ಇರಲ್ಲಮ್ಮ. ಬಿಳೀದನ್ನ ಸ್ವಲ್ಪ ಸ್ವಲ್ಪ ಇಳಿಸ್ತಾ ಹೋಗ್ತೀನಿ, ಹಳದೀನ ನೋಡ್ಕೊಂಡು ಏರಿಸ್ತೀನಿ. ಆಮೇಲೆ ಒಂದೇ. ನಡುವೆ ನೀವಾಗಿ ನಿಲ್ಲಿಸಬೇಡಿ, ನೀವಾಗಿ ಸೇರಿಸಬೇಡಿ. ಹೆದರಿಕೆ ಆದ್ರೆ ನನಗೆ ಫೋನ್ ಮಾಡಿ, ಪಕ್ಕದ ಮನೆಯವರಿಗಲ್ಲ."

"ಹೊತ್ತು ಮುಳುಗೋಕೆ ಮುಂಚೆ ಕೊಡಬಹುದಾ?"

"ಈಗ ಬೇಡ. ಓಡಾಡೋ ಹೊತ್ತಲ್ಲಿ ತಲೆ ತಿರುಗಿ ಮತ್ತೆ ಬಿದ್ರೆ? ಸದ್ಯಕ್ಕೆ ಹಾಸಿಗೆ ಮೇಲೆ ಕೂತು ನುಂಗಲಿ, ಇಡೀ ಮಾತ್ರೆ, ನೀರಿನ ಜೊತೆ." ಅವರು ಹುಡುಗಿ ಮಲಗಿದ್ದ ಮಂಚದತ್ತ ತಿರುಗಿದರು. "ಇನ್ಮೇಲೆ ಕದ್ದು ಕೊಡೋದಿಲ್ಲ ನಿನಗೆ, ಸುಲೋಚನಾ. ಹೇಳೇ ಕೊಡ್ತಾರೆ."

ಹುಡುಗಿ ತೊದಲುತ್ತ ಹೇಳಿದಳು: "ನಂಗೆ ಗೊತ್ತಿತ್ತು. ಪಾಯಸ ಕಹಿ ಇತ್ತು. ಅಮ್ಮ ಅಳ್ತಾಳೆ ಅಂತ ತಿಂದೆ."

ಮನೆಗೆ ಬಂದ ಮೇಲೆ ಬಿಳಿ ಮಾತ್ರೆಯನ್ನು ಬೆಳಿಗ್ಗೆ ತಾಯಿಯ ಕಣ್ಣೆದುರೇ ನುಂಗಿದಳು. ಆದರೆ ಸಂಜೆ ಹಾಸಿಗೆ ಹಾಸಿ ಹಳದಿಯದನ್ನು ನೀರಿನೊಡನೆ ತಂದಾಗ ಹಲ್ಲು ಕಚ್ಚಿಕೊಂಡಳು.

"ಹೊತ್ತು ಮುಳುಗಿದೆ ಅಮ್ಮ."

"ಔಷಧಿಗೆ ದೋಷ ಇಲ್ಲ ಮಗಳೇ. ಸ್ವಾಮಿಗಳನ್ನೇ ಕೇಳ್ಕೊಂಡು ಬಂದಿದೀನಿ" ಎಂದ ಧರಣೇಂದ್ರಯ್ಯ.

"ಒಳಗಿರೋರು ಹಂಗೆ ಹೇಳ್ತಿಲ್ಲಪ್ಪ."

ಮರುದಿನವೂ ಹಾಗೆಯೇ ಆಯಿತು, ಅದರ ಮರುದಿನವೂ. ಬಿಳಿಯದೊಂದರಿಂದ ದನಿಗಳು ಅಡಗಲಿಲ್ಲ. ಅವಳು ಮತ್ತೆ ಬಾಗಿಲ ಹಿಂದೆ ನಿಲ್ಲತೊಡಗಿದಳು. ಧರಣೇಂದ್ರಯ್ಯ ರೇಗಿ, "ಎಸೆದುಬಿಡ್ರೀ ಆ ಮಾತ್ರೇನ! ಬಿದ್ದು ಸಾಯೋದಕ್ಕಿಂತ ಹಿಂಗೇ ಇರ್ಲಿ" ಎಂದು ಕೂಗಿ, ಅಂಗಡಿಯ ಬೀಗದಕೈ ಹಿಡಿದು ಹೊರಗೆ ಹೋಗಿಬಿಟ್ಟ. ಮರುದೇವಿ ಅಡುಗೆಮನೆಗೆ ಬಂದು ನನ್ನನ್ನು ನೋಡಿದಳು. ಮತ್ತೆ ತೇಯುವಳೇನೋ ಎಂದು ನಾನು ಅಂಜಿದೆ. ಅವಳು ಮುಟ್ಟಲಿಲ್ಲ.

ಆ ಸಂಜೆ ಜಿನ್ನಮ್ಮ ಜಪಮಾಲೆಯನ್ನು ಕಣ್ಣಿಗೊತ್ತಿ ಕೆಳಗಿಟ್ಟಳು. ಮೆಲ್ಲಗೆ ಬಂದು ಮೊಮ್ಮಗಳ ಹಾಸಿಗೆಯ ಅಂಚಿನಲ್ಲಿ ಕುಳಿತಳು. ಅಡುಗೆಮನೆಯ ಬಾಗಿಲಿನಿಂದ ನನಗೆ ಅಷ್ಟೂ ಕಾಣುತ್ತಿತ್ತು. ಸೊಸೆಯ ಕೈಯಿಂದ ನೀರಿನ ಲೋಟ ತೆಗೆದುಕೊಂಡಳು. ಪಂಚ ನಮಸ್ಕಾರ ಮಂತ್ರ ಹೇಳಿದಳು.

"ಅತ್ತೆ! ಏನು ಮಾಡ್ತಿದೀರಿ!"

ಜಿನ್ನಮ್ಮ ಕುಡಿದಳು. ಒಂದು ಗುಟುಕಲ್ಲ, ಅರ್ಧ ಲೋಟ. ಹುಡುಗಿಯಾಗಿ ವ್ರತ ಹಿಡಿದ ಮೇಲೆ ಕತ್ತಲು ಕಂಡ ಹೊತ್ತಿನಲ್ಲಿ ಅವಳ ಗಂಟಲಿಗೆ ಇಳಿದ ಮೊದಲ ನೀರು ಅದು. ಸೆರಗಿನಿಂದ ಬಾಯೊರೆಸಿಕೊಂಡಳು.

"ತೇಯಿ ಅಂದೋಳು ನಾನು. ನಿನ್ನ ಹೊಸಿಲ ಮೇಲೆ ಬೀಳಿಸಿದೋಳು ನಾನು. ನಿನ್ನ ಒಳಗಿರೋರಿಗೆ ಹೇಳು ಮಗಾ, ಪಾಪ ಬರೋದಾದ್ರೆ ಮೊದ್ಲು ಈ ಮುದುಕಿ ಹತ್ರ ಬರ್ಲಿ ಅಂತ. ನಾನು ಹಿರಿಯಳು, ಸರದಿ ನಂದು."

ಸುಲೋಚನೆ ಅಜ್ಜಿಯ ಒದ್ದೆ ತುಟಿಯನ್ನೇ ನೋಡಿದಳು. ಆಮೇಲೆ ಕೈ ಚಾಚಿ ಮಾತ್ರೆ ತೆಗೆದುಕೊಂಡು, ಮಿಕ್ಕ ನೀರಿನಲ್ಲಿ ನುಂಗಿದಳು.

ಮರುದಿನ ಜಿನ್ನಮ್ಮ ಪ್ರಾಯಶ್ಚಿತ್ತವೆಂದು ಒಪ್ಪೊತ್ತು ಮಾತ್ರ ಉಂಡಳು. ಸಂಜೆ ಮತ್ತೆ ಬಂದು ಲೋಟ ಎತ್ತಿದಳು. ಹೀಗೆ ಎಷ್ಟು ಸಂಜೆ ನಡೆಯಿತೋ, ಕಲ್ಲು ಲೆಕ್ಕ ಇಡುವುದಿಲ್ಲ. ಮೊಮ್ಮಗಳ ಮುಖ ತಿಳಿಯಾಗುತ್ತ ಬಂತು. ಅಜ್ಜಿಯ ಬಳೆಗಳು ಮುಂಗೈಯಿಂದ ಜಾರಿ ಬೀಳುವಂತಾದವು. ಒಂದು ಸಂಜೆ ಲೋಟ ಎತ್ತುವಾಗ ಮುದುಕಿಯ ಕೈಯಿಂದ ನೀರು ಚೆಲ್ಲಿತು. ಸುಲೋಚನೆ ಆ ಕೈಯನ್ನು ಹಿಡಿದುಕೊಂಡಳು.

"ನೀನು ಕುಡೀಬೇಡ ಅಜ್ಜಿ. ಲೋಟ ಇಲ್ಲಿ ಕೊಡು. ನಂಗೆ ಕಾಯಿಲೆ, ನಾನು ತಗೋತೀನಿ. ನಿಂಗೇನು ಬಂದಿದೆ?"

ಜಿನ್ನಮ್ಮ ಕೊಟ್ಟಳು. ಆಮೇಲೆ ಅವಳ ವ್ರತಕ್ಕೆ ಭಂಗ ಬರಲಿಲ್ಲ.

ಬಿಳಿ ಮಾತ್ರೆ ತಗ್ಗುತ್ತ ತಗ್ಗುತ್ತ ನಿಂತುಹೋಯಿತು. ಹಳದಿಯದು ಉಳಿಯಿತು. ದನಿಗಳು ಪೂರ್ತಿ ಬಿಟ್ಟುಹೋಗಿಲ್ಲ. ಕೆಲವು ದಿನ ದೂರದ ಮನೆಯ ರೇಡಿಯೋ ಹಾಗೆ ಕೇಳುತ್ತವೆ ಎನ್ನುತ್ತಾಳೆ. ತಂದೆಯ ಅಂಗಡಿಯಲ್ಲಿ ಕೂತು ಪಾತ್ರೆಗಳಿಗೆ ಹೆಸರು ಕೊರೆಯುವುದನ್ನು ಕಲಿತಳು. ನನಗೆ ಕೆಲಸ ತಪ್ಪಿತು. ಈಗಿನ ತಾಯಂದಿರು ಕೂಸುಗಳಿಗೆ ಸುತ್ತುಖಾರ ಹಾಕುವುದಿಲ್ಲ, ಡಾಕ್ಟರು ಬೇಡವೆನ್ನುತ್ತಾರಂತೆ. ಒಲೆಯ ಪಕ್ಕದ ಮೂಲೆಯಲ್ಲಿ, ಹುಣಸೆಹಣ್ಣಿನ ಜಾಡಿಯ ಹಿಂದೆ ನನ್ನ ವಾಸ.

ಕಳೆದ ಮಾಗಿಯಲ್ಲಿ ಜಿನ್ನಮ್ಮ ತೀರಿಕೊಂಡಳು. ನನ್ನನ್ನು ಸೆರಗಿನಲ್ಲಿ ತಂದವಳು, ನನ್ನ ಮೈಯ ತಗ್ಗಿನಲ್ಲಿ ತನ್ನ ಬೆರಳ ಗುರುತು ಬಿಟ್ಟವಳು. ಕಲ್ಲಿಗೆ ಅಳು ಬರುವುದಿಲ್ಲ ಎನ್ನುತ್ತಾರೆ. ಹಾಗೆಯೇ ಇರಲಿ.

ಎಲ್ಲ ಮುಗಿಸಿ ಬಂದ ಸಂಜೆ ನಡುಮನೆಯಲ್ಲಿ ಹೆಂಗಸರು ತುಂಬಿದ್ದರು. ಯಾರಿಗೂ ಏನೂ ನೆನಪಿರಲಿಲ್ಲ. ಸುಲೋಚನೆ ಒಬ್ಬಳೇ ಅಡುಗೆಮನೆಗೆ ಬಂದಳು. ಲೋಟಕ್ಕೆ ನೀರು ಬಗ್ಗಿಸಿಕೊಂಡು, ಮಾತ್ರೆ ಬಾಯಿಗೆ ಹಾಕಿ, ಕಣ್ಣು ಮುಚ್ಚಿ ನುಂಗಿದಳು. ಅಷ್ಟರಲ್ಲಿ ಮರುದೇವಿ ಓಡಿಬಂದಳು.

"ಅಯ್ಯೋ, ಮಾತ್ರೆ ಕಣೇ! ಮರೆತೇಹೋಯ್ತಲ್ಲ!"

"ಆಯ್ತಮ್ಮ, ತಗೊಂಡೆ" ಎಂದಳು ಮಗಳು. ತಾಯಿಯ ಒಣಗಿದ ತುಟಿ ನೋಡಿದಳು. "ನೀನು ಬೆಳಿಗ್ಗೆಯಿಂದ ಏನೂ ಮುಟ್ಟಿಲ್ಲ ಅಲ್ವಾ? ಹೊತ್ತು ಮುಳುಗಿದೆ, ಈಗ ಕೊಟ್ರೂ ಕುಡಿಯಲ್ಲ ನೀನು. ಹೊತ್ತು ಹುಟ್ಟುತ್ಲೇ ಗಂಜಿ ಕಾಯಿಸಿ ಕೊಡ್ತೀನಿ, ಮಲಕ್ಕೋ ಹೋಗು."

ಮರುದೇವಿ ಅಲ್ಲೇ ನೆಲದ ಮೇಲೆ ಕುಳಿತು, ಆ ದಿನ ಮೊದಲ ಬಾರಿಗೆ ಅತ್ತಳು. ಮಗಳು ಪಕ್ಕದಲ್ಲಿ ಕುಳಿತಳು.

ಮುದ್ದಾಚಾರಿ ಮೊದಲು ಕಡೆದ ನನ್ನ ಅಣ್ಣ ಬಸದಿಯಲ್ಲಿ ಇಂದಿಗೂ ಗಂಧ ತೇಯಿಸಿಕೊಳ್ಳುತ್ತಿದ್ದಾನೆ. ಅವನ ಪುಣ್ಯ ದೊಡ್ಡದು. ನಾನು ಮನುಷ್ಯರ ಪಾಲಿಗೆ ಬಂದೆ. ಅವರು ಪ್ರೀತಿಯಿಂದ ತಪ್ಪುವುದನ್ನು ಕಂಡೆ, ತಪ್ಪಿದವರು ಎದ್ದು ಬಂದು ಆ ತಪ್ಪಿನ ಪಕ್ಕದಲ್ಲೇ ಕೂರುವುದನ್ನೂ ಕಂಡೆ. ನನ್ನ ಆಯುಸ್ಸಿಗೆ ಅಷ್ಟು ಸಾಕು. ಇಂದೂ ಬೆಳಗಾಗುತ್ತಿದೆ. ಸುಲೋಚನೆ ಒಲೆ ಹಚ್ಚುತ್ತಿದ್ದಾಳೆ.