ಸೋಮವಾರ ಮೂಡಲಿಗೆ ಹಾರಿದ್ದು

ರಾಮಾಂಜಿನಪ್ಪ ವಿಮಾನ ಹಾರಿಸುವ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದ. ಮೂರನೆಯದೂ ಕೈಕೊಟ್ಟರೆ ಪೈಲಟ್ ಆಗುವ ಆಸೆ ಬಿಟ್ಟು ಉಗ್ರಾಣದಲ್ಲಿ ಪೆಟ್ರೋಲ್ ಡಬ್ಬ ಜೋಡಿಸಬೇಕಿತ್ತು. ಯುದ್ಧ ಮುಗಿದ ಮರುವರ್ಷ, ದೇವನಹಳ್ಳಿ ಕಡೆಯ ಒಂದು ಸಣ್ಣ ವಿಮಾನ ಮೈದಾನದ ಮಾತು.

ಪರೀಕ್ಷೆಯೇನೂ ಬ್ರಹ್ಮವಿದ್ಯೆಯಲ್ಲ. ಮೋಡದೊಳಗೆ ಸಿಕ್ಕಿದವನಂತೆ ಹೊರಗಿನದೇನೂ ಕಾಣದ ಹಾಗೆ ಮುಸುಕು ಎಳೆಯುತ್ತಾರೆ. ಎದುರಿಗಿರುವ ಮಾಪಕಗಳ ಮುಳ್ಳುಗಳನ್ನಷ್ಟೇ ನಂಬಿ ನೆಟ್ಟಗೆ ಮೂಡಲಿಗೆ ಏರಬೇಕು. ಹೇಳಿದಷ್ಟು ಎತ್ತರ ಮುಟ್ಟಿದ ಮೇಲೆಯೇ ಎಡಕ್ಕೆ ತಿರುಗಬೇಕು. ಮೊದಲೇ ತಿರುಗಿದರೆ ಆ ಕಡೆ ನಂದಿಯ ಬೆಟ್ಟಸಾಲು. ಬೆಟ್ಟ ನಮಗಾಗಿ ಪಕ್ಕಕ್ಕೆ ಸರಿಯುವುದಿಲ್ಲ. ಇಷ್ಟು ಗೊತ್ತಿದ್ದೂ ನಮ್ಮ ಮಹಾಶಯ ಎರಡು ಸಲವೂ ಬೇಗನೆ ಎಡಕ್ಕೆ ವಾಲಿದ್ದ.

ಸುದ್ದಿ ಕೇಳಿ ಸಮೇತನಹಳ್ಳಿಯಿಂದ ತಾಯಿ ಮುನಿತಾಯಮ್ಮ ಅವನ ಬಾಡಿಗೆ ಕೋಣೆಗೆ ಬಂದಿಳಿದಳು.

"ಯಾವತ್ತು ಹಾರಿದ್ದೆ?"

"ಎರಡು ಸಲಾನೂ ಸೋಮವಾರ."

"ಸೋಮವಾರ ಮೂಡಲಿಗೆ ಶೂಲೆ ಕಣಪ್ಪ. ಆವತ್ತು ಆ ದಿಕ್ಕಿಗೆ ಹೊಸ್ತಿಲು ದಾಟಬೇಡ ಅಂತ ನಾನೇ ಸಾಕಿದೀನಿ. ಕೈ ತಾನಾಗೇ ತಿರುಗ್ಬಿಡ್ತದೆ."

ಅವನಿಗೆ ನಾಚಿಕೆಯಾಯಿತು, ಯಾಕೆಂದರೆ ಅದು ನಿಜ. "ನಾಳೇನೂ ಸೋಮವಾರಾನೇ ಅಮ್ಮ. ಪರೀಕ್ಷೆ ಮಾಡೋರು ಹೇಳಿದ ದಾರೀಲೇ ಹೋಗ್ಬೇಕು."

ಮುನಿತಾಯಮ್ಮ ವಾದಕ್ಕೆ ನಿಲ್ಲಲಿಲ್ಲ. ಮಗನ ಹೊಸ ಅಂಗಿಯನ್ನು ಎಲೆ ಅಡಿಕೆಯೊಂದಿಗೆ ಗಂಟು ಕಟ್ಟಿ, ಮೈದಾನದ ಮೂಡಲಿಗಿದ್ದ ಪರಿಚಯದ ಲಕ್ಕಮ್ಮನ ಮನೆಯಲ್ಲಿ ಇಟ್ಟು ಬಂದಳು. ಒಳ್ಳೆಯ ದಿನ ಗಂಟು ಮುಂದೆ ಹೋದರೆ ಪಯಣ ಅಂದೇ ಶುರುವಾದ ಲೆಕ್ಕ. ಇದಕ್ಕೆ ಪರಸ್ತಾನ ಎನ್ನುತ್ತಾರೆ.

"ನೀನು ಇವತ್ತೇ ಹೊರಟಾಯ್ತು. ನಾಳೆ ಸುಮ್ನೆ ಮುಂದಕ್ಕೆ ಹೋಗೋದಷ್ಟೆ," ಎಂದಳು.

ಮರುದಿನ ಮುಸುಕಿನೊಳಗೆ ರಾಮಾಂಜಿನಪ್ಪನ ಕೈ ತಾನಾಗಿ ಎಡಕ್ಕೆ ಎಳೆಯಲಿಲ್ಲ. ದಿಕ್ಕಿನ ಮುಳ್ಳು ಗೂಟ ಹೊಡೆದಂತೆ ನಿಂತಿತು. ಹೇಳಿದ ಎತ್ತರ ಬಂದ ಮೇಲೆಯೇ ವಿಮಾನ ಎಡಕ್ಕೆ ತಿರುಗಿತು. ಪಕ್ಕದಲ್ಲಿದ್ದ ಪರೀಕ್ಷಕ ನರಸಿಂಹಾಚಾರ್ಯರು ಇಳಿದೊಡನೆ ಪಾಸು ಎಂದು ಕೈ ಕುಲುಕಿದರು.

"ಇವತ್ತೇನಾಯ್ತಯ್ಯಾ? ಮುಳ್ಳನ್ನ ನಂಬು ಅಂತ ನಾನು ಬಾಯಿ ಬಡಕೊಂಡಾಗ ನಂಬಲಿಲ್ಲ."

"ಅಮ್ಮನ ಮಾತು ಕೇಳಿದ ಮೇಲೆ ನಂಬಕ್ಕಾಯ್ತು ಸಾರ್," ಎಂದು ಅವನು ಎಲ್ಲ ಹೇಳಿದ.

ಆಚಾರ್ಯರು ನಕ್ಕೂ ನಕ್ಕೂ, ಅಂಥ ತಾಯಿಯ ಕೈಯ ಕಾಫಿ ಕುಡಿಯಲೇಬೇಕೆಂದು ಜೊತೆಗೆ ಹೊರಟರು. ಮಗ ಪಾಸಾದನೆಂದು ಕೇಳಿ ಮುನಿತಾಯಮ್ಮ ಸಂತೋಷಕ್ಕೆ ಅತ್ತಳು. ಅಳುತ್ತಲೇ ಬಾಗಿಲಿಗೆ ಅಡ್ಡ ನಿಂತಳು.

"ಗಂಟು ತಗೊಳ್ದೆ ಮನೆ ಒಳಕ್ಕೆ ಬರಂಗಿಲ್ಲ. ನೆಟ್ಟಗೆ ಹೋಗಿ ಬಾವಿ ಹತ್ರ ಎಡಕ್ಕೆ ತಿರುಗು. ಸ್ವಾಮೇರೂ ಜೊತೇಲಿ ಹಾರಿದೋರು, ಅವರೂ ಬರ್ಲಿ."

ಕಾಫಿಯ ಆಸೆಗೆ ಆಚಾರ್ಯರು ಬಿಸಿಲಲ್ಲಿ ಹೆಜ್ಜೆ ಹಾಕಿದರು. ಅರ್ಧ ದಾರಿಯಲ್ಲಿ ಲಕ್ಕಮ್ಮನ ಮನೆಯ ಹೆಂಚು ಕಂಡದ್ದೇ ತಡ, ಎಡಗಡೆಯ ರಾಗಿ ಹೊಲಕ್ಕೆ ಇಳಿಯಲು ಕಾಲೆತ್ತಿದರು.

ರಾಮಾಂಜಿನಪ್ಪ ಅವರ ತೋಳು ಹಿಡಿದ. "ಬಾವಿ ಇನ್ನೂ ಬಂದಿಲ್ಲ ಸಾರ್. ಈಗಲೇ ತಿರುಗಿದ್ರೆ ಫೇಲು."