ಹದಿನಾಲ್ಕನೇ ರೂಮಿನ ವಿಳಾಸ

“ಹತ್ತು ನಿಮಿಷ ಅಂದಿದ್ದೆ. ಇಪ್ಪತ್ತೈದಾಯ್ತು,” ಎಂದಳು ಮೋಟೆಲಿನ ಮ್ಯಾನೇಜರ್ ಗ್ಲೆಂಡಾ, ಮಡಿಸುತ್ತಿದ್ದ ಟವೆಲಿನಿಂದ ತಲೆ ಎತ್ತದೆ.

ಕೊರೀನ್ ಮೋಟೆಲ್ ಆಫೀಸಿನ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಇನ್ನೊಂದು ಸ್ವಲ್ಪ ಎಂದು ಬೆರಳಲ್ಲೇ ಸನ್ನೆ ಮಾಡಿದಳು. ಆ ಕಡೆ ಬ್ಯಾಂಕಿನ ಸಂಗೀತ ನಡೆದೇ ಇತ್ತು. ಬೆಳಿಗ್ಗೆ ತನ್ನ ಮೊಬೈಲಿನಿಂದ ಮಾಡಿದಾಗಲೂ ಇದೇ ಸಂಗೀತ. ಮುಕ್ಕಾಲು ಗಂಟೆ ಕಾಯಿಸಿ, ಮೊಬೈಲಿಗೆ ಹಾಕಿಸಿದ್ದ ದುಡ್ಡನ್ನೆಲ್ಲ ತಿಂದು ಅದು ಬಾಯಿ ಮುಚ್ಚಿಕೊಂಡಿತ್ತು. ಇಲ್ಲದವರನ್ನು ಕಾಯಿಸುವುದರಲ್ಲಿ ಬ್ಯಾಂಕಿನವರದು ಎತ್ತಿದ ಕೈ. ಬೇರೆ ದಾರಿಯಿಲ್ಲದೆ ಗ್ಲೆಂಡಾಳ ಕೈಕಾಲು ಹಿಡಿದು ಆಫೀಸಿನ ಫೋನಿಗೆ ಬಂದಿದ್ದಳು.

ಕೌಂಟರಿನ ಮೇಲೆ ಬ್ಯಾಂಕಿನ ಕಾಗದ ಬಿಚ್ಚಿಕೊಂಡು ಬಿದ್ದಿತ್ತು. ವಿದ್ಯಾರ್ಥಿಗಳಿಗೆಂದೇ ಕೊಡುವ ಕ್ರೆಡಿಟ್ ಕಾರ್ಡಿಗೆ ಅವಳು ಹಾಕಿದ್ದ ಅರ್ಜಿ ತಿರಸ್ಕೃತವಾಗಿತ್ತು. ವಿಳಾಸವು ವಾಸದ ಮನೆಯದೆಂದು ಖಚಿತವಾಗಿಲ್ಲ, ಅಲ್ಲಿ ವಾಸವಾಗಿರುವ ಅವಧಿಯೂ ಸಾಲದು ಎಂದು ಕಾರಣ ಕೊಟ್ಟಿದ್ದರು. ಬೇಕಾದವರು ಮರುಪರಿಶೀಲನೆಗೆ ಕೇಳಬಹುದು ಎಂದು ತೀರಾ ಕೆಳಗೆ, ಕಣ್ಣಿಗೆ ಬಿದ್ದರೆ ಬೀಳಲಿ ಎನ್ನುವಷ್ಟು ಸಣ್ಣಕ್ಷರದಲ್ಲಿತ್ತು.

ಕಾರ್ಡು ಸಿಕ್ಕರೆ ಅದರಲ್ಲಿ ಏನಾದರೂ ಕೊಳ್ಳಬೇಕೆಂಬ ಆಸೆ ಅವಳಿಗಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಮನೆ. ಕಾಲೇಜಿನ ಹಿಂದೆ, ಟೈರ್ ಅಂಗಡಿಯ ಮಹಡಿಯಲ್ಲಿ ಎರಡು ಕೋಣೆ, ಒಂದು ಒಲೆ, ಒಲೆಯ ಕೆಳಗೊಂದು ಓವನ್. ಅವಳೂ ಅಮ್ಮನೂ ಈ ಮೋಟೆಲಿನ ಹದಿನಾಲ್ಕನೇ ರೂಮಿಗೆ ಕೊಡುತ್ತಿದ್ದುದಕ್ಕಿಂತ ಬಾಡಿಗೆಯೂ ಕಡಿಮೆ. ಆದರೆ ಮನೆ ಕೊಡುವ ಮುಂಚೆ ಸಾಲ ತೀರಿಸಿದ ದಾಖಲೆ ನೋಡುತ್ತಾರೆ. ಅಮ್ಮನ ಹೆಸರು ಆಸ್ಪತ್ರೆಯ ಬಾಕಿಯಲ್ಲಿ ಎಂದೋ ಕೆಟ್ಟುಹೋಗಿತ್ತು, ಮಗಳ ಹೆಸರಿನಲ್ಲಿ ಕೆಡುವುದಕ್ಕೂ ಏನೂ ಇರಲಿಲ್ಲ. ಬಾಡಿಗೆ ಆಫೀಸಿನ ಹೆಂಗಸು ಕಂಪ್ಯೂಟರ್ ನೋಡಿ, “ನಿನ್ನ ಹೆಸರು ಒತ್ತಿದ್ರೆ ಖಾಲಿ ಬರ್ತಿದೆ ಮಗು. ಒಂದು ಕಾರ್ಡು ಮಾಡಿಸ್ಕೊ, ಆರು ತಿಂಗಳು ನೆಟ್ಟಗೆ ಕಟ್ಟು, ಆಮೇಲೆ ಬಾ,” ಎಂದು ಕಳಿಸಿದ್ದಳು.

ಸಂಗೀತ ನಿಂತಿತು. “ಮರುಪರಿಶೀಲನೆ ವಿಭಾಗ, ನಾನು ಲಿಯೊನಾರ್ಡ್. ಮಾತು ರೆಕಾರ್ಡ್ ಆಗ್ತಿರುತ್ತೆ. ಹೇಳಿ ಮೇಡಂ.” ಬೆಳಗಿನಿಂದ ಇದನ್ನೇ ಹೇಳಿ ಸುಸ್ತಾದ ದನಿ.

ಕೊರೀನ್ ಬರೆದುಕೊಂಡಿದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದಳು: ಹತ್ತೊಂಬತ್ತು ವರ್ಷ, ದಂತವೈದ್ಯರ ಸಹಾಯಕಿಯ ಕೋರ್ಸು, ಕಾಲೇಜಿನ ಲೈಬ್ರರಿಯಲ್ಲಿ ವಾರಕ್ಕೆ ಹದಿನೈದು ಗಂಟೆ ಕೆಲಸ.

“ಸಂಬಳದ್ದು ತಕರಾರಿಲ್ಲ. ಕಮ್ಮಿನೇ, ಆದ್ರೆ ಈ ಕಾರ್ಡಿಗೆ ನಡೆಯುತ್ತೆ. ಗಂಟು ಬಿದ್ದಿರೋದು ವಿಳಾಸದಲ್ಲಿ. ಅದು ಮೋಟೆಲ್ ಅಲ್ವಾ? ಎಷ್ಟು ದಿನದಿಂದ ಇದ್ದೀರಿ?”

“ಇಪ್ಪತ್ನಾಲ್ಕು ದಿನ.”

ಅವಳು ಯೋಚಿಸಿ ಹೇಳಿದ್ದಲ್ಲ, ನಾಲಿಗೆ ತಾನಾಗಿ ಹೇಳಿತ್ತು. ಆ ಮೋಟೆಲಿನಲ್ಲಿ ಇರುವ ಯಾರನ್ನು ಕೇಳಿದರೂ ಇಪ್ಪತ್ತೆಂಟರೊಳಗಿನ ಒಂದು ಅಂಕಿಯನ್ನೇ ಹೇಳುತ್ತಾರೆ. ಮೂವತ್ತು ದಿನ ಒಂದೇ ಕಡೆ ಉಳಿದವರು ಕಾನೂನಿನ ಪ್ರಕಾರ ಬಾಡಿಗೆದಾರರಾಗಿಬಿಡುತ್ತಾರೆ, ಆಮೇಲೆ ಅವರನ್ನು ಬಾಯಿಮಾತಿಗೆ ಆಚೆ ಹಾಕುವ ಹಾಗಿಲ್ಲ. ಅದಕ್ಕೇ ಮಾಲೀಕ ಇಪ್ಪತ್ತೆಂಟನೇ ದಿನ ಎಲ್ಲರನ್ನೂ ಗಂಟುಮೂಟೆ ಸಮೇತ ಹೊರಡಿಸುತ್ತಿದ್ದ. ಮೂರು ರಾತ್ರಿ ಎಲ್ಲಾದರೂ ಬಿದ್ದಿದ್ದು, ನಾಲ್ಕನೇ ದಿನ ಹೊಸಬರ ಹಾಗೆ ಬಂದು ಹೊಸ ಫಾರ್ಮು ತುಂಬಬೇಕು. ಹಾಗೆ ಮಾಡಿಸುವುದು ಕಾನೂನಿಗೆ ವಿರುದ್ಧ ಎಂದು ಮಾಲೀಕನಿಗೂ ಗೊತ್ತು, ಗ್ಲೆಂಡಾಳಿಗೂ ಗೊತ್ತು. ಅದಕ್ಕೇ ಯಾರು ಕೇಳಿದರೂ ಈಗಷ್ಟೇ ಬಂದೆವು ಅನ್ನಬೇಕು. ಕೊರೀನ್ ಶಾಲೆಯ ಟೀಚರಿಗೂ ಹಾಗೇ ಹೇಳಿದ್ದಳು, ಬ್ಯಾಂಕಿನ ಫಾರ್ಮಿನಲ್ಲೂ ‘ಒಂದು ತಿಂಗಳಿಗಿಂತ ಕಡಿಮೆ’ ಎಂದೇ ತುಂಬಿದ್ದಳು.

“ತಿಂಗಳೂ ಆಗಿಲ್ಲ ಅಂದ್ರೆ ನಾನೇನ್ ಮಾಡ್ಲಿ ಮೇಡಂ,” ಎಂದ ಲಿಯೊನಾರ್ಡ್. “ಎಲ್ಲಾದ್ರೂ ಒಂದು ಕಡೆ ನೆಲೆ ನಿಂತ್ಮೇಲೆ ಮತ್ತೆ ಹಾಕಿ. ಇನ್ನೇನಾದ್ರೂ ಇದೆಯಾ?”

“ಎರಡು ವರ್ಷ ನಾಲ್ಕು ತಿಂಗಳು,” ಎಂದಳು ಕೊರೀನ್.

ಗ್ಲೆಂಡಾಳ ಕೈಯಲ್ಲಿದ್ದ ಟವೆಲ್ ಅರ್ಧ ಮಡಿಕೆಯಲ್ಲೇ ನಿಂತಿತು.

“ಏನಂದ್ರಿ?”

“ಎರಡು ವರ್ಷ ನಾಲ್ಕು ತಿಂಗಳಿಂದ ಇಲ್ಲೇ ಇದ್ದೀವಿ, ನಾನು, ನಮ್ಮಮ್ಮ. ಕೇಳಿದೋರಿಗೆಲ್ಲ ಸುಳ್ಳು ಹೇಳಿ ಹೇಳಿ ಅಭ್ಯಾಸ ಆಗೋಗಿದೆ ಸರ್. ಇಪ್ಪತ್ತೆಂಟು ದಿನಕ್ಕೊಂದ್ಸಲ ಆಚೆ ಹೋಗಿ ಮತ್ತೆ ಬರ್ತೀವಿ, ಅಷ್ಟೆ.”

ಆ ಕಡೆ ಕಂಪ್ಯೂಟರಿನ ಕೀಲಿಗಳ ಸದ್ದು ಕೇಳಿಸಿತು. ಆಮೇಲೆ, “ಅಲ್ಲಿ ಮ್ಯಾನೇಜರ್ ಇದ್ರೆ ಕೊಡಿ. ಅವರ ಬಾಯಲ್ಲಿ ಒಂದ್ಮಾತು ಬಂದ್ರೆ ಸಾಕು,” ಎಂದ.

ಕೊರೀನ್ ರಿಸೀವರನ್ನು ಚಾಚಿದಳು. ಗ್ಲೆಂಡಾ ಅದನ್ನು ನೋಡಿದಳು, ಕೊರೀನಳ ಮುಖ ನೋಡಿದಳು, ಟವೆಲಿನ ರಾಶಿಯನ್ನು ಸೊಂಟಕ್ಕೆ ಆನಿಸಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

“ಅವರು... ಕೆಲಸದಲ್ಲಿದಾರೆ.”

“ಹೋಗ್ಲಿ ಬಿಡಿ. ಕಾಗದಪತ್ರ ಏನಾದ್ರೂ?”

“ರಸೀದಿ ಇವೆ. ಒಂದೊಂದು ಸಲ ಬಂದಾಗ್ಲೂ ಒಂದೊಂದು. ಇಬ್ಬರ ಹೆಸರೂ ಇರುತ್ತೆ. ಅಮ್ಮ ಇಟ್ಟಿದಾಳೆ.”

“ಮೊದಲನೇದು, ಕೊನೇದು, ಮಧ್ಯದ್ದೊಂದು ಕಳ್ಸಿ. ಮೇಲಿನವರ ಮುಂದೆ ಇಡ್ತೀನಿ, ಆಗುತ್ತೆ ಅಂತ ಮಾತು ಕೊಡಲ್ಲ. ಆದ್ರೆ ಕಾರ್ಡು, ಆಗದಿದ್ರೆ ಬರೀ ಕಾಗದ, ಯಾವುದಾದ್ರೂ ಅಂಚೆಯಲ್ಲೇ ಬರುತ್ತೆ, ವಾರದೊಳಗೆ. ಇನ್ನೊಂದು. ಆ ಲಕೋಟೆ ‘ಇಲ್ಲಿ ಇಂಥವರಿಲ್ಲ’ ಅಂತ ನಮಗೆ ವಾಪಸ್ ಬಂತೋ, ಮುಗೀತು. ಆಮೇಲೆ ನನ್ನ ಕೈಲೂ ಇಲ್ಲ.”

ವಾರದೊಳಗೆ! ನಾಲ್ಕು ದಿನಕ್ಕೆ, ಶನಿವಾರ, ಅವರು ಆಚೆ ಹೋಗಬೇಕಿತ್ತು. ರಿಜಿಸ್ಟರಿನಲ್ಲಿ ಹೆಸರಿಲ್ಲದವರ ಕಾಗದ ಬಂದರೆ ಗ್ಲೆಂಡಾ ಕೆಂಪು ಮೊಹರು ಒತ್ತಿ ಮರುದಿನ ಅದೇ ಅಂಚೆಯವನ ಕೈಗೆ ವಾಪಸ್ ಕೊಡುತ್ತಿದ್ದಳು.

ಫೋನಿಟ್ಟ ಸದ್ದು ಕೇಳಿ ಗ್ಲೆಂಡಾ ಹೊರಗೆ ಬಂದಳು. “ರೆಕಾರ್ಡ್ ಆಗುತ್ತೆ ಅಂದ್ನಾ?”

“ಬ್ಯಾಂಕಿನೋರು ಮಿಸ್ ಗ್ಲೆಂಡಾ, ಸರ್ಕಾರದೋರಲ್ಲ.”

“ಎಲ್ಲಾ ಒಂದೇ ಕಣಮ್ಮ. ಆ ರಸೀದಿಲಿರೋದು ಯಾರ ಅಕ್ಷರ? ನಂದು. ನಂಗೆ ಅರವತ್ನಾಲ್ಕು. ಒಂದನೇ ರೂಮು ಬಿಟ್ಟಿ ಸಿಗುತ್ತೆ ಅಂತ ಈ ದರಿದ್ರ ಕೆಲಸ ಮಾಡ್ಕೊಂಡಿದೀನಿ. ಆ ಮಾಲೀಕ ಪುಣ್ಯಾತ್ಮ ಹೋಗು ಅಂದ್ರೆ ಈ ವಯಸ್ಸಲ್ಲಿ ನಾನೂ ಚೀಲ ಹೊರಬೇಕಾ?”

“ನಿಮ್ಮ ಹೆಸರು ಹೇಳಲ್ಲ. ಆ ಲಕೋಟೆ ಬಂದ್ರೆ ಮಾತ್ರ, ಒಂದೆರಡು ದಿನ...”

“ಕೇಳ್ಬೇಡ. ಕೇಳಿದ್ರೆ ಇಲ್ಲ ಅನ್ಬೇಕಾಗುತ್ತೆ. ಸೋಮವಾರ ಬಂದು ಡ್ರಾಯರೆಲ್ಲ ಎಳೆದು ನೋಡ್ತಾನೆ ಅವನು. ಹೋಗು, ನಿಮ್ಮಮ್ಮ ಬಂದ್ಲು.”

ಅಮ್ಮ ಲೊರೆಟ್ಟಾ ಪೀಚ್ ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಿಂದ ಆಗತಾನೇ ಬಂದು, ಬೂಟು ಬಿಚ್ಚದೆ ಹಾಸಿಗೆಯ ಮೇಲೆ ಬಿದ್ದುಕೊಂಡಿದ್ದಳು. ಎಂಟು ಗಂಟೆ ನಿಂತು ಅವಳ ಸೊಂಟ ಮರಗಟ್ಟಿತ್ತು. ಮೈಯೆಲ್ಲ ಪೀಚಿನ ವಾಸನೆ. ಇಡೀ ದಿನ ಆ ಹಣ್ಣಿನಲ್ಲೇ ಮುಳುಗಿರುವವಳು ಓವನ್ ಇಲ್ಲದೆ ಎರಡು ವರ್ಷದಿಂದ ಹಣ್ಣಿನ ಮೇಲೆ ಹಿಟ್ಟು ಹಾಕಿ ಬೇಯಿಸುವ ಪೀಚ್ ಕಾಬ್ಲರನ್ನು ಒಮ್ಮೆಯೂ ಮಾಡಿಲ್ಲ ಎಂಬುದು ಅವಳ ನಿತ್ಯದ ಗೊಣಗು.

“ಎರಡು ವರ್ಷ ಅಂತ ಹೇಳ್ಬಿಟ್ಯಾ? ಅವಳ ಎದುರಿಗೇ?” ಲೊರೆಟ್ಟಾ ಎದ್ದು ಕೂತಳು. “ತಲೆ ನೆಟ್ಟಗಿದ್ಯೇನೇ ನಿಂಗೆ? ಮಂಗಳವಾರ ಬಂದಾಗ ರೂಮಿಲ್ಲ ಅಂದ್ರೆ ಏನೇ ಮಾಡೋದು?”

“ಇಪ್ಪತ್ನಾಲ್ಕು ದಿನ ಅಂತ್ಲೇ ಬಿಟ್ಟಿದ್ರೆ ಅವನು ಫೋನ್ ಇಡ್ತಿದ್ದ ಅಮ್ಮ. ಆಮೇಲೆ ಇನ್ನೂ ಎರಡು ವರ್ಷ ಹೀಗೇ ಚೀಲ ಕಟ್ಟು, ಚೀಲ ಬಿಚ್ಚು. ನಂಗೆ ಸಾಕಾಗೋಗಿದೆ.”

“ನಂಗೇನು ಖುಷಿನಾ?” ಎಂದಳು ಲೊರೆಟ್ಟಾ. ಇಬ್ಬರಿಗೂ ಜಗಳ ಮುಂದುವರಿಸುವ ತ್ರಾಣವಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಮ್ಮ ಮಂಚದ ಕೆಳಗೆ ಕೈಹಾಕಿ ಬಿಸ್ಕತ್ತಿನ ತಗಡಿನ ಡಬ್ಬ ಎಳೆದಳು. ಇಪ್ಪತ್ತೆಂಟು ರಸೀದಿಗಳು, ತಾರೀಖಿನ ಪ್ರಕಾರ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿದ್ದವು.

“ಇಷ್ಟೆಲ್ಲ ಯಾಕೆ ಇಟ್ಕೊಂಡಿದ್ದೆ?”

“ಯಾಕೋ. ಎಲ್ಲೋ ಒಂದ್ಕಡೆ ಇದ್ವಿ ಅನ್ನೋದಕ್ಕೆ ಏನಾದ್ರೂ ಬೇಕಲ್ಲ,” ಎಂದು ಅಮ್ಮ ಮೂರು ರಸೀದಿ ಆರಿಸಿ ಕೊಟ್ಟು ಮತ್ತೆ ಮಲಗಿದಳು. ಕೊರೀನ್ ಮರುದಿನ ಲೈಬ್ರರಿಯಲ್ಲಿ ಅವನ್ನು ಸ್ಕ್ಯಾನ್ ಮಾಡಿ ಬ್ಯಾಂಕಿಗೆ ಕಳಿಸಿದಳು.

ಶನಿವಾರ ಹನ್ನೊಂದಕ್ಕೆ ರೂಮಿನ ಬೀಗದ ಕೈ ಒಪ್ಪಿಸಿದಾಗ ಗ್ಲೆಂಡಾ ರಿಜಿಸ್ಟರಿನಲ್ಲಿ ಅವರ ಹೆಸರಿನ ಮೇಲೆ ಗೆರೆ ಎಳೆದಳು, ಅಷ್ಟೆ. ಏಳು ಕಪ್ಪು ಚೀಲ, ಮೈಕ್ರೊವೇವ್, ಕೊರೀನಳ ಪುಸ್ತಕದ ಪೆಟ್ಟಿಗೆ ಕಾರಿಗೇರಿದವು. ಮೊಡೆಸ್ಟೊ ಊರಿನ ಆ ಸೆಪ್ಟೆಂಬರ್ ಬಿಸಿಲಲ್ಲಿ ಕಾರಿನೊಳಗೆ ಕೂರುವುದೇ ಒಂದು ಶಿಕ್ಷೆ. ಚರ್ಚಿನವರು ರಾತ್ರಿ ಕಾರು ನಿಲ್ಲಿಸಲು ಬಿಡುತ್ತಿದ್ದರು, ಬೆಳಿಗ್ಗೆ ಕಾಲೇಜಿನ ಜಿಮ್ಮಿನಲ್ಲಿ ಸ್ನಾನ. ಅಮ್ಮ ಹಿಂದಿನ ಸೀಟಿನಲ್ಲಿ ಸೊಂಟ ಮಡಿಚಿ ಮಲಗಿ, ಎದ್ದಾಗ ನೆಟ್ಟಗೆ ನಿಲ್ಲುವುದಕ್ಕೆ ಕಾರಿನ ಬಾಗಿಲು ಹಿಡಿದುಕೊಳ್ಳಬೇಕಾಯಿತು.

ಶನಿವಾರ ಅಂಚೆಯವನನ್ನು ಕೊರೀನ್ ರಸ್ತೆಯಲ್ಲೇ ಹಿಡಿದು ಕೇಳಿದ್ದಳು. ಏನೂ ಬಂದಿರಲಿಲ್ಲ; ಸೋಮವಾರ ಬಂದರೆ ನನ್ನ ಕೈಗೇ ಕೊಡಿ, ಇಲ್ಲೇ ಇರುತ್ತೇನೆ ಎಂದಿದ್ದಳು. ಸೋಮವಾರ ಕ್ಲಾಸು ತಪ್ಪಿಸಿಕೊಂಡು ಮತ್ತೆ ಹೋದಾಗ ಅವನು ಆಗಲೇ ಮೋಟೆಲ್ ಮುಗಿಸಿ ಎದುರಿನ ಅಂಗಡಿಯಲ್ಲಿದ್ದ.

“ಟಿಡ್ವೆಲ್ ಅಲ್ವಾ ನಿಮ್ಮ ಮನೆಹೆಸ್ರು? ಹೂಂ, ಬ್ಯಾಂಕಿಂದ ಒಂದಿತ್ತು. ಆಫೀಸಿಗೆ ಕೊಟ್ಟೆ.”

“ನಾನು ಇಲ್ಲೇ ಇರ್ತೀನಿ ಅಂದಿದ್ನಲ್ಲ!”

“ಅದ್ರ ಮೇಲಿರೋ ವಿಳಾಸ ಅದಲ್ವಾ. ರಸ್ತೆಲಿ ಕೈಗೆ ಕೊಟ್ರೆ ನನ್ನ ಕೆಲಸ ಹೋಗುತ್ತೆ ತಾಯಿ.”

ಮೋಟೆಲಿನ ಅಂಗಳದಲ್ಲಿ ಮಾಲೀಕನ ಬಿಳಿ ಟ್ರಕ್ಕು ನಿಂತಿತ್ತು. ಆಫೀಸಿನ ಗಾಜಿನೊಳಗೆ ಅವನು ಕೌಂಟರಿಗೆ ಮೊಳಕೈ ಊರಿ ಕಾಗದಪತ್ರ ತಿರುವಿಹಾಕುತ್ತಿದ್ದ. ಎದುರಿಗೆ ನಿಂತ ಗ್ಲೆಂಡಾ ಮೊಹರನ್ನು ಶಾಯಿಗೆ ಒತ್ತಿ, ಒಂದು ಲಕೋಟೆಯ ಮೇಲೆ ಒತ್ತಿ, ಅದನ್ನು ಅಂಚೆಗೆ ಹೋಗುವ ಡಬ್ಬಿಗೆ ಹಾಕಿದಳು. ಕೊರೀನ್ ರಸ್ತೆಯ ಈಚೆ ನಿಂತು ಅಷ್ಟನ್ನೂ ನೋಡಿದಳು. ಒಳಗೆ ನುಗ್ಗಿ ಕೂಗಾಡಬೇಕು ಅನ್ನಿಸಿತು. ನುಗ್ಗಿದರೆ ನಾಳೆ ರೂಮೂ ಇಲ್ಲ. ಅಳು ಬಂತು, ಅತ್ತಳು, ಮುಖ ಒರೆಸಿಕೊಂಡು ಲೈಬ್ರರಿಯ ಕೆಲಸಕ್ಕೆ ಹೋದಳು. ಅಮ್ಮನಿಗೆ ಸಂಜೆ ಹೇಳಿದಾಗ ಅಮ್ಮ ಬೈಯಲಿಲ್ಲ. “ಹೋಗ್ಲಿ ಬಿಡು, ನಾಳೆ ಹಾಸಿಗೆ ಮೇಲೆ ಮಲಗ್ಬಹುದಲ್ಲ,” ಎಂದಳು.

ಮಂಗಳವಾರ ಸಂಜೆ ಇಬ್ಬರೂ ಆಫೀಸಿನೊಳಗೆ ಹೋದಾಗ ಗ್ಲೆಂಡಾ ಒಬ್ಬಳೇ ಇದ್ದಳು. ಕೊರೀನ್ ಅವಳ ಕಡೆ ನೋಡದೆ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತಳು.

“ಹದಿನಾಲ್ಕು ಕೊಟ್ಟಾಯ್ತು. ಒಂಬತ್ತಿದೆ, ಐಸ್ ಮೆಷೀನ್ ಪಕ್ಕ. ಸ್ವಲ್ಪ ಗಲಾಟೆ.”

“ಯಾವ್ದೋ ಒಂದು ಕೊಡಿ,” ಎಂದಳು ಲೊರೆಟ್ಟಾ.

ಗ್ಲೆಂಡಾ ಬಗ್ಗಿ, ಮಡಿಸಿಟ್ಟ ಟವೆಲುಗಳ ನಡುವೆ ಕೈತೂರಿಸಿದಳು. ಎರಡು ಟವೆಲನ್ನು ಕೌಂಟರಿನ ಮೇಲಿಟ್ಟು, ಮೇಲಿನದರ ಮಡಿಕೆಯಿಂದ ಲಕೋಟೆಯನ್ನು ಎಳೆದು ಕೊರೀನಳ ಕಡೆ ತಳ್ಳಿದಳು. ಅದರ ಮೇಲೆ ಕೊರೀನ್ ಟಿಡ್ವೆಲ್, ರೂಮ್ ನಂಬರ್ ಹದಿನಾಲ್ಕು ಎಂದು ಅಚ್ಚಾಗಿತ್ತು, ಹೆಸರಿನ ಮೇಲೆ ಅಡ್ಡಡ್ಡ ‘ಇಲ್ಲಿ ಇಂಥವರಿಲ್ಲ’ ಎಂಬ ಕೆಂಪು ಮೊಹರು.

“ಅವನ ಎದುರಿಗೇ ಒತ್ಬೇಕಾಯ್ತು,” ಎಂದಳು ಗ್ಲೆಂಡಾ. “ಅವನು ಟ್ರಕ್ ಹತ್ತಿದ್ಮೇಲೆ ಡಬ್ಬಿಗೆ ಕೈ ಹಾಕ್ದೆ.”

ಕೊರೀನ್ ಲಕೋಟೆ ಒಡೆಯುವುದಕ್ಕೆ ಧೈರ್ಯ ಸಾಲದೆ ಅದನ್ನು ಅಮ್ಮನಿಗೆ ಕೊಟ್ಟಳು. ಲೊರೆಟ್ಟಾ ಹಣ್ಣಿನ ರಸದಲ್ಲಿ ಬಿರಿದ ಹೆಬ್ಬೆರಳಿನಿಂದ ಅದನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲಗೆ ಒತ್ತುತ್ತ ಬಂದಳು. ನಡುವೆ ಒಂದು ಕಡೆ ಬೆರಳು ನಿಂತಿತು. ಮಗಳ ಕೈ ಹಿಡಿದು ಅವಳ ಬೆರಳನ್ನೂ ಅಲ್ಲಿಗೇ ಒತ್ತಿದಳು. ಕಾಗದದ ಒಳಗೆ ತೆಳ್ಳಗಿನ, ಬಗ್ಗದ ಒಂದು ಅಂಚು ಸಿಕ್ಕಿತು.

ಗ್ಲೆಂಡಾ ಆಗಲೇ ಹೊಸ ಫಾರ್ಮು ಎಳೆದುಕೊಂಡು ತಾರೀಖು ಬರೆಯುತ್ತಿದ್ದಳು. ಪ್ರತಿ ಸಲದ ಹಾಗೆ, ತಲೆಯೆತ್ತದೆ ಕೇಳಿದಳು:

“ನಮ್ಮಲ್ಲಿಗೆ ಮೊದಲ ಸಲ ಬರ್ತಿದೀರಾ?”

“ಹೂಂ,” ಎಂದಳು ಲೊರೆಟ್ಟಾ, ಬೆರಳನ್ನು ಅಲ್ಲಿಂದ ತೆಗೆಯದೆ. “ಮೊದಲ ಸಲ.”